ಟಿಫಿನ್ ಡಬ್ಬಿಯಲ್ಲಿರುವ ಮೂಳೆ ಚೂರು: ಯುದ್ಧಕಾಲದ ವಿಮಾನ ಬಿದ್ದ ಜಾಗವನ್ನು ನಾವೇ ಅಗೆಯಬಹುದಾ?

ಪ್ರಶ್ನೆ: ಮೇಡಂ, ನಾನು ಗದಗ ಕಡೆಯವನು. ಎರಡು ವರ್ಷದಿಂದ ಅರುಣಾಚಲ ಪ್ರದೇಶದಲ್ಲಿ ರಸ್ತೆ ಸರ್ವೇ ಕೆಲಸ ಮಾಡುತ್ತಿದ್ದೇನೆ. ಹೋದ ತಿಂಗಳು ಸಿಯಾಂಗ್ ನದಿಯ ಮೇಲಿನ ಕಾಡಿನಲ್ಲಿ ಅಲೈನ್‌ಮೆಂಟ್ ನೋಡಲು ಹೋದಾಗ ಹಳೇ ವಿಮಾನದ ತಗಡು, ಒಂದು ಎಂಜಿನ್, ಮಣ್ಣಲ್ಲಿ ಹೂತ ಚಕ್ರದ ಕಂಬಿ ಸಿಕ್ಕವು. ಎರಡನೇ ಮಹಾಯುದ್ಧದ ಅಮೆರಿಕದ ವಿಮಾನ ಅಂತ ಊರವರು ಹೇಳುತ್ತಾರೆ. ಎಂಜಿನ್ ಪಕ್ಕದಲ್ಲಿ ಬೆರಳುದ್ದದ ಮೂಳೆ ಚೂರು, ಒಂದು ಬಕಲ್, ನಂಬರ್ ಇರುವ ಸಣ್ಣ ಪ್ಲೇಟ್ ಬಿದ್ದಿತ್ತು. ಏನೋ ಯೋಚನೆ ಮಾಡದೆ ಎತ್ತಿಕೊಂಡು ಬಂದೆ. ಈಗ ಅವು ರೂಮಿನಲ್ಲಿ ಟಿಫಿನ್ ಡಬ್ಬಿಯಲ್ಲಿವೆ. ರಾತ್ರಿ ನಿದ್ದೆ ಬರುತ್ತಿಲ್ಲ. ಜೊತೆಗಿರುವ ಹುಡುಗರು ಚಳಿಗಾಲದಲ್ಲಿ ಹೋಗಿ ಅಗೆಯೋಣ, ಒಳಗೆ ಚಿನ್ನ ಇರುತ್ತೆ, ಇಲ್ಲದಿದ್ದರೆ ವಿಡಿಯೋ ಆದರೂ ಮಾಡೋಣ ಅನ್ನುತ್ತಿದ್ದಾರೆ. ಊರಿನ ಹಿರಿಯರು ಆ ಜಾಗದ ಸಹವಾಸ ಬೇಡ ಅಂದರು. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, ಆ ಹೊಳೆ ಬ್ರಹ್ಮಪುತ್ರ ತಾನೇ, ಅಸ್ಥಿ ಅದರಲ್ಲೇ ಬಿಟ್ಟು ಕೈಮುಗಿದು ಬಾ ಅಂದರು. ಏನು ಮಾಡಲಿ? ಪೊಲೀಸರಿಗೆ ಹೇಳಿದರೆ ನನ್ನ ಮೇಲೇ ಕೇಸ್ ಆಗುತ್ತಾ?

ಉತ್ತರ: ಮೊದಲು ಒಂದು ಮಾತು. ನಿಮ್ಮ ಪತ್ರದಲ್ಲಿದ್ದ ಹಳ್ಳಿಯ ಹೆಸರನ್ನು ನಾನು ತೆಗೆದಿದ್ದೇನೆ. ಇದನ್ನು ಗುಜರಿ ವ್ಯಾಪಾರ ಮಾಡುವವರೂ ಓದುತ್ತಾರೆ. ನೀವೂ ಇನ್ನು ಮುಂದೆ ಜಾಗದ ಹೆಸರನ್ನು, ಮೊಬೈಲಿನ ಲೊಕೇಶನ್ ಇರುವ ಫೋಟೋವನ್ನು ಯಾವ ಗ್ರೂಪಿಗೂ ಹಾಕಬೇಡಿ. ಈಗಾಗಲೇ ಹಾಕಿದ್ದರೆ ಇವತ್ತೇ ತೆಗೆಯಿರಿ.

ನಿಮ್ಮ ಪ್ರಶ್ನೆಯಲ್ಲಿ ಮೂರು ವಿಷಯ ಸೇರಿಕೊಂಡಿವೆ. ಡಬ್ಬಿಯಲ್ಲಿರುವುದನ್ನು ಏನು ಮಾಡುವುದು, ಅಲ್ಲಿ ಅಗೆಯಬಹುದಾ, ಹೇಳಿದರೆ ನಿಮಗೇನಾದರೂ ತೊಂದರೆಯಾ. ನಾನು ಇಪ್ಪತ್ತು ವರ್ಷದಿಂದ ಮೂಳೆ ನೋಡುವ ಕೆಲಸ ಮಾಡಿದವಳು. ಅದರಲ್ಲಿ ಕೆಲವು ಸೀಸನ್ ವಿಮಾನ ಬಿದ್ದ ಜಾಗಗಳಲ್ಲೂ ಜರಡಿ ಹಿಡಿದಿದ್ದೇನೆ. ಹಾಗಾಗಿ ಪುಸ್ತಕಕ್ಕಿಂತ ಜಾಸ್ತಿ ಮಣ್ಣಿನ ಮಾತೇ ಬರುತ್ತದೆ, ಸಹಿಸಿಕೊಳ್ಳಿ.

ಆ ಕಾಡಿನಲ್ಲಿ ವಿಮಾನ ಯಾಕೆ ಬಿತ್ತು ಅನ್ನುವುದು ಗೊತ್ತಿದ್ದರೆ ಮುಂದಿನದ್ದು ಸುಲಭ. 1942ರಲ್ಲಿ ಜಪಾನಿನವರು ಬರ್ಮಾ ಹಿಡಿದರು. ಚೀನಾಕ್ಕೆ ಸಾಮಾನು ಹೋಗುತ್ತಿದ್ದ ರಸ್ತೆ ಮುಚ್ಚಿತು. ಆಗ ಅಸ್ಸಾಮಿನ ಚಬುವಾ, ದಿಂಜನ್, ಮೋಹನ್‌ಬಾರಿ, ಜೋರ್ಹಾಟ್‌ನಂಥ ವಿಮಾನ ನಿಲ್ದಾಣಗಳಿಂದ ಹಿಮಾಲಯದ ಪೂರ್ವದ ತುದಿ ದಾಟಿ ಚೀನಾದ ಕುನ್ಮಿಂಗ್‌ಗೆ ವಿಮಾನದಲ್ಲೇ ಸಾಮಾನು ಸಾಗಿಸಲು ಶುರು ಮಾಡಿದರು. ಆ ದಾರಿಗೆ ಪೈಲಟ್‌ಗಳು ಇಟ್ಟ ಹೆಸರು ಹಂಪ್. ನಮ್ಮೂರ ಶಾಲೆ ಮುಂದಿನ ಹಂಪ್ ಅಂತಲೇ ಅಂದುಕೊಳ್ಳಿ, ಎತ್ತರ ಮಾತ್ರ 15,000 ಅಡಿ. 1945ರ ನವೆಂಬರ್ ತನಕ ಸುಮಾರು ಆರೂವರೆ ಲಕ್ಷ ಟನ್ ಸಾಗಿಸಿದರು. ಅದಕ್ಕೆ ತೆತ್ತ ಬೆಲೆ 590ಕ್ಕೂ ಜಾಸ್ತಿ ವಿಮಾನಗಳು. ಶತ್ರುವಿನ ಗುಂಡಿಗಿಂತ ಹವಾಮಾನಕ್ಕೆ ಬಿದ್ದವೇ ಹೆಚ್ಚು. ರೆಕ್ಕೆಯ ಮೇಲೆ ಐಸ್ ಕಟ್ಟುತ್ತಿತ್ತು, ಗಾಳಿ ವಿಮಾನವನ್ನು ದಾರಿಯಿಂದ ಎಷ್ಟೋ ಮೈಲಿ ಆಚೆ ತಳ್ಳುತ್ತಿತ್ತು, ಮೋಡದೊಳಗೆ ಬೆಟ್ಟ ಕಾಣುತ್ತಿರಲಿಲ್ಲ, ಕೈಯಲ್ಲಿದ್ದ ನಕಾಶೆಗಳಲ್ಲಿ ಕೆಲವು ಶಿಖರಗಳ ಎತ್ತರವೇ ಸರಿ ಇರಲಿಲ್ಲ, ಅದರ ಮೇಲೆ ಹೊಸದಾಗಿ ಬಂದ ಸಿ-46ರಂಥ ಸಾಮಾನು ಸಾಗಿಸುವ ವಿಮಾನಗಳ ಎಂಜಿನ್ ಕಾಟ ಬೇರೆ.

ನಮಗೂ ಇದಕ್ಕೂ ಒಂದು ಸಣ್ಣ ನಂಟಿದೆ. 1943ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಅಂದರೆ ಇವತ್ತಿನ ಎಚ್‌ಎಎಲ್, ಅಮೆರಿಕದ ವಾಯುಸೇನೆಯ ರಿಪೇರಿ ಡಿಪೋ ಆಯಿತು. ಈ ಕಡೆಯ ಯುದ್ಧದಲ್ಲಿದ್ದ ಅಮೆರಿಕದ ವಿಮಾನಗಳೂ ಎಂಜಿನ್‌ಗಳೂ ರಿಪೇರಿಗೆ ಅಲ್ಲಿಗೆ ಬರುತ್ತಿದ್ದವು. ನೀವು ಕಂಡ ಎಂಜಿನ್ನಿಗೆ ಬೆಂಗಳೂರಿನ ಮೆಕ್ಯಾನಿಕ್ ಕೈ ಹಾಕಿದ್ದನೋ ಇಲ್ಲವೋ, ಆದರೆ ಹಾಕಿರಲಾರ ಅಂತ ಹೇಳಲು ಬರುವುದಿಲ್ಲ.

ಈಗ ಚಿನ್ನದ ವಿಷಯ. ಚೀನಾದ ಕಡೆ ಹೋಗುವಾಗ ಆ ವಿಮಾನಗಳಲ್ಲಿ ಇರುತ್ತಿದ್ದದ್ದು ಪೆಟ್ರೋಲ್ ಡ್ರಮ್ಮು, ಮದ್ದುಗುಂಡು, ಜೀಪಿನ ಭಾಗ, ಔಷಧಿ. ಕೆಲವದರಲ್ಲಿ ಹೊರದೇಶದಲ್ಲಿ ಅಚ್ಚಾದ ಚೀನಾದ ನೋಟಿನ ಕಟ್ಟುಗಳೂ ಇರುತ್ತಿದ್ದವು, ಆ ಕಾಗದ ಮೊದಲ ಮಳೆಗಾಲಕ್ಕೇ ಮಣ್ಣಾಗಿರುತ್ತದೆ. ವಾಪಸ್ ಬರುವಾಗ ಟಂಗ್‌ಸ್ಟನ್ ಅದಿರು, ತವರ, ಮತ್ತೆ ಬ್ರಷ್ ಮಾಡಲು ಹಂದಿ ಕೂದಲು. ನಿಮ್ಮ ಹುಡುಗರಿಗೆ ಹೇಳಿ, ಅದೃಷ್ಟ ಚೆನ್ನಾಗಿದ್ದರೆ ಹಂದಿ ಕೂದಲು ಸಿಗಬಹುದು. ಅದೂ ಇಷ್ಟೊತ್ತಿಗೆ ಇರಲ್ಲ.

ಎರಡನೇ ಭ್ರಮೆ ಸಿನಿಮಾದ್ದು. ಕಾಕ್‌ಪಿಟ್ ತೆರೆದರೆ ಸೀಟಿನಲ್ಲಿ ಅಸ್ಥಿಪಂಜರ ಕೂತಿರುತ್ತದೆ ಅನ್ನುವುದು. ಹಿಮದಲ್ಲಾದರೆ ದೇಹ ಉಳಿಯುವುದು ಉಂಟು. 1968ರ ಫೆಬ್ರವರಿ 7ರಂದು ನಮ್ಮ ವಾಯುಪಡೆಯ ಎಎನ್-12 ವಿಮಾನ 102 ಜನರ ಜೊತೆ ರೋಹ್ತಾಂಗ್ ಹತ್ತಿರ ಕಾಣೆಯಾಯಿತು. ಅದರ ಅವಶೇಷ ಸಿಕ್ಕಿದ್ದು 2003ರಲ್ಲಿ. 2024ರಲ್ಲೂ ಅಲ್ಲಿ ನಾಲ್ವರ ದೇಹದ ಅವಶೇಷ ಸಿಕ್ಕವು, ಗುರುತು ಹಿಡಿಯಲು ಜೇಬಿನ ಕಾಗದಪತ್ರಗಳು ನೆರವಾದವು. ಹಿಮನದಿ ಅನ್ನುವುದು ಒಂದು ದೊಡ್ಡ ಫ್ರಿಡ್ಜ್. ನೀವಿರುವ ಕಾಡು ಅದಕ್ಕೆ ಪೂರ್ತಿ ಉಲ್ಟಾ. ವಿಪರೀತ ಮಳೆ, ಹುಳಿ ಮಣ್ಣು, ಬೇರು, ಇಲಿ, ಕಾಡುಹಂದಿ. ಮಣ್ಣಿನ ಹುಳಿ ಮೂಳೆಯ ಸುಣ್ಣವನ್ನು ನಿಧಾನಕ್ಕೆ ತಿನ್ನುತ್ತದೆ. ಎಂಬತ್ತು ವರ್ಷ ಆದಮೇಲೆ ನಮಗೆ ಸಿಗುವುದು ಉಗುರಿನಷ್ಟು, ಬೆರಳಿನಷ್ಟು ಚೂರು. ಹಲ್ಲು ಮಾತ್ರ ಗಟ್ಟಿ. ಕೊನೆಗೆ ಉಳಿಯುವುದು ಅದೇ.

ಬೆಂಕಿಯೂ ಒಂದು ಕಾರಣ. ಪೆಟ್ರೋಲ್ ತುಂಬಿದ ವಿಮಾನ ಉರಿದರೆ ಅಲ್ಯೂಮಿನಿಯಂ ಕರಗಿ ಇಳಿಜಾರಿನಲ್ಲಿ ಹರಿದು, ತಣ್ಣಗಾಗಿ, ಬೆಲ್ಲದ ಪಾಕ ಚೆಲ್ಲಿದ ಹಾಗೆ ಗಟ್ಟಿಯಾಗಿರುತ್ತದೆ. ಅಂಥ ಉಂಡೆಗಳನ್ನು ಗುಜರಿಯವರು ಮೊದಲು ಎತ್ತುತ್ತಾರೆ, ತೂಕ ಬರುತ್ತದಲ್ಲ. ಆದರೆ ಅದರ ಹೊಟ್ಟೆಯೊಳಗೇ ಮೂಳೆ ಚೂರು ಸಿಕ್ಕಿಕೊಂಡಿರುತ್ತದೆ. ಪೂರ್ತಿ ಸುಟ್ಟು ಬೆಳ್ಳಗಾದ ಮೂಳೆ ಮಣ್ಣಿನ ಹುಳಿಯನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಅದರಲ್ಲಿ ಡಿಎನ್‌ಎ ಇರುವುದಿಲ್ಲ. ಉಳಿದದ್ದು ಮಾತಾಡುವುದಿಲ್ಲ, ಮಾತಾಡುವುದು ಉಳಿಯುವುದಿಲ್ಲ. ನಮ್ಮ ಕೆಲಸದ ದೊಡ್ಡ ತಲೆನೋವು ಇದು.

ನಿಮ್ಮ ಡಬ್ಬಿಯ ಮೂಳೆಗೆ ಬರೋಣ. ಅದು ಮನುಷ್ಯರದ್ದೇ ಅಂತ ನೀವು ತೀರ್ಮಾನ ಮಾಡಿದ್ದೀರಿ. ಫೋಟೋ ನೋಡಿ ನಾನು ಹಾಗೆ ಹೇಳಲಾರೆ. ಮಿಥುನ್ ಅನ್ನುವ ಅಲ್ಲಿಯ ದನ, ಕಾಡುಕುರಿ, ಕರಡಿ ಎಲ್ಲ ಇರುವ ಕಾಡು ಅದು. ಉಗುರು ಕಳಚಿದ ಕರಡಿಯ ಪಾದದ ಮೂಳೆ ಮನುಷ್ಯನ ಕೈಯ ಹಾಗೇ ಕಾಣುತ್ತದೆ, ಎಷ್ಟೋ ಡಾಕ್ಟರುಗಳೂ ಮೋಸ ಹೋಗುತ್ತಾರೆ. ಹಲ್ಲಾಗಿದ್ದರೆ, ಅದರಲ್ಲಿ ಬೆಳ್ಳಿ ತುಂಬಿಸಿದ್ದರೆ, ಅನುಮಾನವೇ ಇಲ್ಲ. ಮಿಥುನ್‌ಗೆ ಯಾರೂ ಹಲ್ಲು ಕಟ್ಟಿಸುವುದಿಲ್ಲ. ನಿಮ್ಮದು ಬರೀ ಚೂರು. ಅದನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು. ಅಲ್ಲಿಯ ತನಕ ಮನುಷ್ಯರದ್ದೇ ಅಂತ ತಿಳಿದು ಗೌರವದಿಂದ ಇಟ್ಟುಕೊಳ್ಳಿ, ಮನುಷ್ಯರದ್ದೇ ಅಂತ ಯಾರಿಗೂ ಸಾರಬೇಡಿ.

ಅದನ್ನು ಟಿಫಿನ್ ಡಬ್ಬಿಯಿಂದ ತೆಗೆಯಿರಿ. ಸ್ಟೀಲಿನಲ್ಲಿ, ಪ್ಲಾಸ್ಟಿಕ್ಕಿನಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಕೈಗವಸು ಹಾಕಿ, ಪೇಪರ್ ಕವರಿನಲ್ಲಿಟ್ಟು, ಆ ಕವರನ್ನು ರಟ್ಟಿನ ಡಬ್ಬಿಯಲ್ಲಿಡಿ. ಮೂಳೆ ಒಂದರಲ್ಲಿ, ಬಕಲ್ ಇನ್ನೊಂದರಲ್ಲಿ, ಪ್ಲೇಟ್ ಮತ್ತೊಂದರಲ್ಲಿ. ತೊಳೆಯಬೇಡಿ, ಉಜ್ಜಬೇಡಿ, ಬಿಸಿಲಿಗೆ ಇಡಬೇಡಿ, ಗಟ್ಟಿಯಾಗಲಿ ಅಂತ ಫೆವಿಕಾಲ್ ಹಚ್ಚಬೇಡಿ. ನಗಬೇಡಿ, ಹಚ್ಚಿದವರನ್ನು ನೋಡಿದ್ದೇನೆ. ನಾನೇ ಓದುವ ಕಾಲದಲ್ಲಿ ಒಂದು ಮೂಳೆಗೆ ಅಂಟಿದ್ದ ಕಪ್ಪು ಮಣ್ಣನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ಫಳಫಳ ಮಾಡಿ ಮೇಷ್ಟ್ರ ಮುಂದೆ ಇಟ್ಟಿದ್ದೆ. ಅವರು ಬೈಯಲಿಲ್ಲ. ಬೇಸಿನ್ನಿನ ಕಡೆ ಕೈ ತೋರಿಸಿ, "ಬೆಂಕಿಯಲ್ಲಿ ಇತ್ತೋ ಇಲ್ಲವೋ ಅನ್ನೋದು ಆ ನೀರಲ್ಲಿ ಹೋಯ್ತು" ಅಂದರು. ಅವತ್ತು ಊಟ ಸೇರಲಿಲ್ಲ.

ಕವರಿನ ಮೇಲೆ ಬರೆಯಿರಿ: ಯಾವತ್ತು, ಎಷ್ಟು ಗಂಟೆಗೆ, ಯಾರು ಎತ್ತಿದ್ದು, ಎಂಜಿನ್ನಿನಿಂದ ಎಷ್ಟು ಹೆಜ್ಜೆ ದೂರ, ಮೇಲಿನ ಕಡೆಗೋ ಕೆಳಗಿನ ಕಡೆಗೋ, ಮಣ್ಣಿನ ಮೇಲಿತ್ತೋ ಒಳಗಿತ್ತೋ. ನೀವು ಸರ್ವೇಯವರು, ನಿಮ್ಮ ಹತ್ತಿರ ಜಿಪಿಎಸ್ ಓದು ಇದ್ದೇ ಇರುತ್ತದೆ, ಅದನ್ನೂ ಬರೆಯಿರಿ. ಯಾರ್‍ಯಾರು ಬರಿಗೈಯಲ್ಲಿ ಮುಟ್ಟಿದ್ದೀರಿ ಅನ್ನುವ ಪಟ್ಟಿಯೂ ಬೇಕು. ನಾಳೆ ಡಿಎನ್‌ಎ ಪರೀಕ್ಷೆಯಲ್ಲಿ ಗದಗದವರ ಡಿಎನ್‌ಎ ಬಂದರೆ ಲ್ಯಾಬಿನವರು ತಲೆ ಕೆಡಿಸಿಕೊಳ್ಳುತ್ತಾರೆ.

ನೀರಿಗೆ ಬಿಡುವ ಬಗ್ಗೆ. ಅಮ್ಮನ ಮನಸ್ಸು ನನಗೆ ಅರ್ಥವಾಗುತ್ತದೆ. ಗೊತ್ತಿಲ್ಲದ ಹುಡುಗನಿಗೂ ಒಂದು ಗತಿ ಕಾಣಿಸಬೇಕು ಅನ್ನುವ ಮನಸ್ಸು ಅದು, ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಹುಡುಗನಿಗೆ ತನ್ನದೇ ಮನೆಯವರು ಇದ್ದಾರೆ. ಅಕ್ಕನ ಮೊಮ್ಮಗಳೋ ತಮ್ಮನ ಮಗನೋ ಯಾರಾದರೂ ಇರುತ್ತಾರೆ. ಎಷ್ಟೋ ಮನೆಗಳಲ್ಲಿ ಅವನ ಹೆಸರಿನ ಕಲ್ಲು ನೆಟ್ಟು, ಕೆಳಗೆ ಏನೂ ಇಲ್ಲದೆ ಎಂಬತ್ತು ವರ್ಷ ಕಳೆದಿದೆ. ಶಾಸ್ತ್ರ ಯಾವುದು ಅಂತ ತೀರ್ಮಾನಿಸುವ ಹಕ್ಕು ಅವರದ್ದು. ಹೊಳೆಗೆ ಬಿಟ್ಟರೆ ಆ ಮನೆಯವರಿಗೆ ಅವನು ಎರಡನೇ ಸಲ ಕಾಣೆಯಾದ ಹಾಗೆ. ಅಮ್ಮನಿಗೆ ಹೀಗೇ ಹೇಳಿ ನೋಡಿ, ಒಪ್ಪುತ್ತಾರೆ.

ಈಗ ಅಗೆಯುವ ಮಾತು. ಹಾರೆ ಗುದ್ದಲಿ ತೆಗೆದುಕೊಂಡು ಹತ್ತು ಜನ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ದೇಶದಲ್ಲೇ ಒಂದು ನೋವಿನ ಉದಾಹರಣೆ ಇದೆ. ಪಂಜಾಬಿನ ಅಜ್ನಾಲಾದಲ್ಲಿ 1857ರ ಸಿಪಾಯಿಗಳನ್ನು ಕೊಂದು ಬಾವಿಗೆ ಹಾಕಿದ್ದರು. 2014ರಲ್ಲಿ ತಜ್ಞರಿಗೆ ಕಾಯದೆ ಊರವರೇ ಶ್ರದ್ಧೆಯಿಂದ ಅಗೆದು ತೆಗೆದರು. ಶ್ರದ್ಧೆಗೆ ಕೊರತೆ ಇರಲಿಲ್ಲ. ಆದರೆ ಬಹಳಷ್ಟು ಮೂಳೆ ಒಡೆದುಹೋದವು, ಯಾವ ತಲೆಗೆ ಯಾವ ಕೈ ಅನ್ನುವುದು ಬೆರೆತುಹೋಯಿತು. ಅವರು ಗಂಗಾ ಬಯಲಿನ ಸಿಪಾಯಿಗಳು ಅಂತ ಹಲ್ಲುಗಳ ಡಿಎನ್‌ಎ ಮತ್ತು ಐಸೊಟೋಪ್ ಪರೀಕ್ಷೆಯಿಂದ ಹೇಳಲು 2022 ಬರಬೇಕಾಯಿತು. ಅದೂ ಗುಂಪಾಗಿ ಹೇಳಿದ್ದು. ಇವನು ಇಂಥವನು ಅಂತ ಒಬ್ಬೊಬ್ಬರ ಗುರುತು ಸಿಗಲಿಲ್ಲ.

ವಿಮಾನದಲ್ಲಿ ಈ ತೊಂದರೆ ಇನ್ನೂ ಜಾಸ್ತಿ, ಯಾಕೆಂದರೆ ಅಲ್ಲಿ ವಸ್ತು ಎಲ್ಲಿ ಬಿದ್ದಿದೆ ಅನ್ನುವುದೇ ಅರ್ಧ ಉತ್ತರ. ಬಾಂಬರ್‌ನಲ್ಲಿ ಎಂಟು ಹತ್ತು ಜನ ಇರುತ್ತಾರೆ, ಒಬ್ಬೊಬ್ಬರ ಜಾಗ ಒಂದೊಂದು. ಮುಂದೆ ಪೈಲಟ್, ಅವರ ಹಿಂದೆ ರೇಡಿಯೋದವನು, ಬಾಲದ ತುದಿಯಲ್ಲಿ ಗನ್ನರ್. ರೇಡಿಯೋ ಪೆಟ್ಟಿಗೆಯ ತುಂಡಿನ ಪಕ್ಕ ಒಂದು ಹಲ್ಲು ಸಿಕ್ಕಿತು ಅಂದರೆ ಅದಕ್ಕೊಂದು ಅರ್ಥ ಇದೆ. ಅದೇ ಹಲ್ಲು ಬಕೆಟ್ಟಿನಲ್ಲಿ ಸಿಕ್ಕಿತು ಅಂದರೆ ಅರ್ಥವಿಲ್ಲ.

ಸರಿಯಾದ ಅಗೆತ ಹೇಗಿರುತ್ತದೆ ಅಂತ ಹೇಳುತ್ತೇನೆ, ನಿಮಗೇ ಗೊತ್ತಾಗುತ್ತದೆ ಇದು ವೀಕೆಂಡ್ ಕೆಲಸ ಅಲ್ಲ ಅಂತ. ಮೊದಲ ಕೆಲವು ದಿನ ಯಾರೂ ಅಗೆಯುವುದೇ ಇಲ್ಲ. ಸ್ಫೋಟಕ ತಜ್ಞರು ಜಾಗ ನೋಡುತ್ತಾರೆ. ಆಮೇಲೆ ಭುಜಕ್ಕೆ ಭುಜ ತಾಗುವ ಹಾಗೆ ಸಾಲಾಗಿ ನಡೆದು, ಕಂಡ ಪ್ರತಿ ತುಂಡಿನ ಪಕ್ಕ ಸಣ್ಣ ಬಾವುಟ ನೆಡುತ್ತೇವೆ. ಎಲ್ಲವನ್ನೂ ನಕ್ಷೆಗೆ ಹಾಕಿದ ಮೇಲೆ ದಾರ ಕಟ್ಟಿ 4 ಮೀಟರ್ ಚೌಕಗಳಾಗಿ ಭಾಗ ಮಾಡುತ್ತೇವೆ. ಕರಣೆಯಲ್ಲಿ ಮಣ್ಣು ಕೆರೆದು, ಬಕೆಟ್ಟಿಗೆ ತುಂಬಿ, ಚೌಕದ ನಂಬರ್ ಹಾಕಿ, ಕೈಯಿಂದ ಕೈಗೆ ದಾಟಿಸಿ, 6 ಮಿಲಿಮೀಟರ್ ಕಣ್ಣಿನ ಜರಡಿಗೆ ಸುರಿಯುತ್ತೇವೆ. ಅಲ್ಲಿಯದು ಜೇಡಿಮಣ್ಣಾದ್ದರಿಂದ ಒಣ ಜರಡಿ ನಡೆಯುವುದಿಲ್ಲ, ಝರಿಯಿಂದ ಪಂಪ್ ಹಾಕಿ ನೀರು ಬಿಟ್ಟು ಕೈಯಲ್ಲಿ ಹಿಸುಕಬೇಕು. ಇಳಿಜಾರಾದರೆ ಎಲ್ಲರಿಗೂ ಸೊಂಟಕ್ಕೆ ಹಗ್ಗ. ಜಿಗಣೆ ಲೆಕ್ಕಕ್ಕಿಲ್ಲ. ಮೆಟಲ್ ಡಿಟೆಕ್ಟರ್ ಇದ್ದರೆ ಸಾಕು ಅಂತ ಕೇಳುವವರಿದ್ದಾರೆ. ತಗಡಿಗೆ ಅದು ಕೂಗುತ್ತದೆ, ಮೂಳೆಗೆ ಕೂಗುವುದಿಲ್ಲ.

ಒಂದು ಮಧ್ಯಾಹ್ನ ನನ್ನ ಜರಡಿಯಲ್ಲಿ ಹೀಗೇ ಮಣ್ಣಿನ ಉಂಡೆ ಕರಗಿ ಒಂದು ಬಕಲ್ ಉಳಿಯಿತು. ಸೀಟಿನ ಬೆಲ್ಟಿನದ್ದು. ಬಟ್ಟೆಯೆಲ್ಲ ಹೋಗಿ ಕಬ್ಬಿಣ ಮಾತ್ರ ಇತ್ತು, ತುಕ್ಕು ಹಿಡಿದು ದೋಸೆಯ ಅಂಚಿನ ಹಾಗೆ ಪದರ ಪದರ ಎದ್ದಿತ್ತು. ಹಾಕಿದ ಬಕಲ್ ಹಾಗೇ ಇತ್ತು. ಬಿಚ್ಚಿರಲಿಲ್ಲ. ಅಂದರೆ ಅಲ್ಲಿ ಕೂತವನು ಕೊನೆಯ ತನಕ ಕೂತೇ ಇದ್ದ. ಆವರೆಗೆ ಈ ವಿಮಾನದವರು ಪ್ಯಾರಾಶೂಟ್ ಹಾಕಿ ಹಾರಿರಬಹುದು ಅಂತ ನಮ್ಮಲ್ಲಿ ವಾದ ನಡೆಯುತ್ತಿತ್ತು. ಹಾರಿ ಬದುಕಿದವರು ಇದ್ದಾರೆ ಕೂಡ. 1943ರ ಆಗಸ್ಟ್ 2ರಂದು ನಾಗಾ ಬೆಟ್ಟಗಳ ಮೇಲೆ ಒಂದು ಸಿ-46ರಲ್ಲಿದ್ದ 21 ಜನರಲ್ಲಿ 20 ಜನ ಹಾರಿ ಉಳಿದರು. ಎಲ್ಲರೂ ಹಾರಿಹೋದ ವಿಮಾನವನ್ನು ನೀವು ವರ್ಷಗಟ್ಟಲೆ ಅಗೆದರೂ ಒಂದು ಮೂಳೆ ಸಿಗುವುದಿಲ್ಲ. ಅದಕ್ಕೇ ನಿಮ್ಮ ಬಕಲ್ಲಿನ ಮೇಲೆ ನನಗೆ ಮೂಳೆಗಿಂತ ಜಾಸ್ತಿ ಆಸೆ. ಅದು ಹಾಕಿದ್ದೋ ಬಿಚ್ಚಿದ್ದೋ, ಬಲವಂತದಿಂದ ತೆಗೆದು ನೋಡಬೇಡಿ, ಎಕ್ಸ್‌ರೇಯಲ್ಲಿ ಕಾಣುತ್ತದೆ.

ಅಪಾಯ ಬೇರೆ ಇದೆ. ಎಂಬತ್ತು ವರ್ಷ ಹಳೆಯ ಮದ್ದು ಸತ್ತುಹೋಗಿರುತ್ತದೆ ಅನ್ನುವುದು ಶುದ್ಧ ಸುಳ್ಳು. ಒಳಗಿನ ಸ್ಫೋಟಕ ಹಾಗೇ ಇರುತ್ತದೆ, ತುಕ್ಕು ಹಿಡಿದ ಫ್ಯೂಸ್ ಇನ್ನೂ ಸೂಕ್ಷ್ಮವಾಗುತ್ತದೆ. ಹೆಬ್ಬೆರಳು ದಪ್ಪದ ಹಿತ್ತಾಳೆ ಗುಂಡುಗಳು ಕಂಡರೆ ಕೈ ಹಾಕಬೇಡಿ. ಅವನ್ನು ಇಟ್ಟುಕೊಳ್ಳುವುದು ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧವೂ ಹೌದು. ಆಕ್ಸಿಜನ್ ಸಿಲಿಂಡರ್, ಬೆಂಕಿ ಆರಿಸುವ ಬಾಟಲಿ ಇವು ಒತ್ತಡ ಹಿಡಿದುಕೊಂಡೇ ಕೂತಿರಬಹುದು. ಕತ್ತಲಲ್ಲಿ ಹೊಳೆಯಲಿ ಅಂತ ಆಗಿನ ಮೀಟರುಗಳ ಮುಳ್ಳಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಹೊಳಪು ಹೋಗಿರುತ್ತದೆ, ವಿಕಿರಣ ಹೋಗಿರುವುದಿಲ್ಲ. ಗಾಜು ಒಡೆದ ಮೀಟರನ್ನು ಶೋಕೇಸಿಗೆ ಅಂತ ತಂದು ಮಲಗುವ ಕೋಣೆಯಲ್ಲಿ ಇಟ್ಟುಕೊಳ್ಳುವುದು ಜಾಣತನ ಅಲ್ಲ.

ಕೇಸಿನ ಭಯ. ನಾನು ವಕೀಲೆ ಅಲ್ಲ, ಕೆಲಸದಲ್ಲಿ ಕಂಡದ್ದು ಹೇಳುತ್ತೇನೆ. ಮನುಷ್ಯರ ಮೂಳೆ ಅನ್ನುವ ಅನುಮಾನ ಬಂದರೆ ಪೊಲೀಸರು ವಿಚಾರಣೆ ಮಾಡುತ್ತಾರೆ. ಮೊದಲು ಸಿಆರ್‌ಪಿಸಿ 174 ಅನ್ನುತ್ತಿದ್ದರಲ್ಲ, ಈಗ ಅದು ಬಿಎನ್‌ಎಸ್‌ಎಸ್ ಅನ್ನುವ ಹೊಸ ಕಾನೂನಿನ 194ನೇ ಕಲಂ. ಅದು ಸಾವು ಹೇಗಾಯಿತು ಅಂತ ನೋಡುವ ವಿಚಾರಣೆ. ತಂದುಕೊಟ್ಟವರನ್ನು ಹಿಡಿಯಲು ಮಾಡಿದ್ದಲ್ಲ. ಶವಕ್ಕೆ ಅವಮಾನ ಮಾಡುವುದು ಬಿಎನ್‌ಎಸ್ ಅನ್ನುವ ಹೊಸ ದಂಡ ಸಂಹಿತೆಯ 301ನೇ ಕಲಮಿನಲ್ಲಿ ಅಪರಾಧ, ಆದರೆ ಅದಕ್ಕೆ ಮನಸ್ಸು ನೋಯಿಸುವ ಉದ್ದೇಶವೋ, ನೋಯುತ್ತದೆ ಅನ್ನುವ ಅರಿವೋ ಇರಬೇಕು. ಗೊತ್ತಿಲ್ಲದೆ ಎತ್ತಿ, ಗೊತ್ತಾದ ಕೂಡಲೇ ಕೊಟ್ಟವರಿಗೂ, ತಿಂಗಳುಗಟ್ಟಲೆ ಇಟ್ಟುಕೊಂಡು ವಿಡಿಯೋ ಮಾಡಿದವರಿಗೂ ವ್ಯತ್ಯಾಸ ಇದೆ. ನೀವಿನ್ನೂ ಮೊದಲನೇ ಸಾಲಿನಲ್ಲಿದ್ದೀರಿ. ಅಲ್ಲೇ ಇರಿ.

ಇಂಗ್ಲೆಂಡಿನಲ್ಲಿ 1986ರ ಕಾಯ್ದೆ ಪ್ರಕಾರ ಸೇನಾ ವಿಮಾನ ಬಿದ್ದ ಜಾಗವನ್ನು ಲೈಸೆನ್ಸ್ ಇಲ್ಲದೆ ಅಗೆಯುವಂತಿಲ್ಲ. ಒಳಗೆ ದೇಹ ಇರಬಹುದು ಅಂತಾದರೆ ಸಾಮಾನ್ಯವಾಗಿ ಲೈಸೆನ್ಸೇ ಕೊಡುವುದಿಲ್ಲ. ನಮ್ಮಲ್ಲಿ ವಿಮಾನಕ್ಕೆ ಅಂತ ಅಂಥ ಕಾಯ್ದೆ ಇಲ್ಲ. ಪುರಾತನ ವಸ್ತು ಅನ್ನಿಸಿಕೊಳ್ಳಲು 100 ವರ್ಷ ಆಗಬೇಕು, ಇವಕ್ಕೆ ಇನ್ನೂ ಆಗಿಲ್ಲ. ಹಾಗಂತ ಬಿಟ್ಟಿ ಸಾಮಾನೂ ಅಲ್ಲ. ಕಾಡು ಆ ಊರಿನ ಸಮುದಾಯದ್ದು. ಗಾಂವ್ ಬುರಾ ಅಂದರೆ ಊರಿನ ಮುಖಂಡ, ಅವರ ಒಪ್ಪಿಗೆ ಇಲ್ಲದೆ ಹೊರಗಿನವರು ಅಲ್ಲಿ ಗುದ್ದಲಿ ಎತ್ತುವುದು ನನ್ನ ಪ್ರಕಾರ ಯಾವ ಕಾಯ್ದೆಗಿಂತಲೂ ದೊಡ್ಡ ತಪ್ಪು. ಸಹವಾಸ ಬೇಡ ಅಂದ ಹಿರಿಯರ ಮಾತನ್ನು ಮೂಢನಂಬಿಕೆ ಅಂತ ತಳ್ಳಬೇಡಿ. ಆ ಮಾತಿನಿಂದಲೇ ಆ ಎಂಜಿನ್ ಪಕ್ಕದ ಮಣ್ಣು ಇಷ್ಟು ವರ್ಷ ಯಾರೂ ಕೆದಕದೆ ಉಳಿದಿದೆ.

ಹಾಗಾದರೆ ನಿಮ್ಮ ಮುಂದಿರುವ ದಾರಿ ಯಾವುದು? ಸುಮ್ನೆ ಇದ್ದುಬಿಡುವುದು ಒಂದು. ಬೇರೆ ಜಾಗವಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ನಿಮ್ಮ ರಸ್ತೆಯ ಅಲೈನ್‌ಮೆಂಟ್ ಅದರ ಮೇಲೇ ಬರುತ್ತದೆ, ಜೆಸಿಬಿ ಬಂದ ದಿನ ಎಲ್ಲ ಕಣಿವೆಗೆ. ನೀವೇ ಅಗೆಯುವುದು ಎರಡನೆಯದು, ಅದರ ಬಗ್ಗೆ ಸಾಕಷ್ಟು ಹೇಳಿದೆ. ಉಳಿದದ್ದು ದಾಖಲೆ ಮಾಡಿ, ಒಪ್ಪಿಸಿ, ಕಾಯುವುದು.

ಇದು ನಿಧಾನದ ದಾರಿ ಅಂತ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಸೀಮೆಯದ್ದೇ ಲೆಕ್ಕ ಕೊಡುತ್ತೇನೆ. 1944ರ ಜನವರಿ 25ರಂದು 'ಹಾಟ್ ಆ್ಯಸ್ ಹೆಲ್' ಅನ್ನುವ ಹೆಸರಿನ ಬಿ-24 ಬಾಂಬರ್ ವಿಮಾನ ಎಂಟು ಜನರ ಜೊತೆ ಕುನ್ಮಿಂಗ್‌ನಿಂದ ಚಬುವಾಕ್ಕೆ ಹೊರಟು ಕಾಣೆಯಾಯಿತು. 2006ರಲ್ಲಿ ಕ್ಲೇಟನ್ ಕೂಲ್ಸ್ ಅನ್ನುವ ಅಮೆರಿಕದವರು ಸ್ಥಳೀಯರ ನೆರವಿನಿಂದ ದಂರೋಹ್ ಹತ್ತಿರದ ಬೆಟ್ಟದಲ್ಲಿ ಅದನ್ನು ಗುರುತಿಸಿ, ತಮ್ಮ ಸರ್ಕಾರಕ್ಕೆ ವರದಿ ಕೊಟ್ಟರು. ಅಮೆರಿಕದ ಸೇನೆಯ ಕಾಣೆಯಾದವರನ್ನು ಹುಡುಕುವ ಸಂಸ್ಥೆ ಡಿಪಿಎಎ ಅಲ್ಲಿ ಅಗೆದದ್ದು 2015ರಲ್ಲಿ. ಗಡಿ ಹತ್ತಿರ, ಅನುಮತಿಯ ತಕರಾರು, ಮಳೆ ಬಿಟ್ಟ ನಾಲ್ಕು ತಿಂಗಳಷ್ಟೇ ಕೆಲಸ. 2016ರ ಏಪ್ರಿಲ್‌ನಲ್ಲಿ ದೆಹಲಿಯಿಂದ ಪೆಟ್ಟಿಗೆ ಹೊರಟಿತು. 2017ರ ಜೂನ್‌ನಲ್ಲಿ ಲೆಫ್ಟಿನೆಂಟ್ ರಾಬರ್ಟ್ ಆಕ್ಸ್‌ಫರ್ಡ್‌ರನ್ನು ಜಾರ್ಜಿಯಾದ ಅವರ ಊರು ಕಾಂಕಾರ್ಡ್‌ನಲ್ಲಿ ಮಣ್ಣು ಮಾಡಿದರು. ಸಿಕ್ಕ ಮೇಲೂ ಹನ್ನೊಂದು ವರ್ಷ.

ಡಿಎನ್‌ಎ ಅಂದರೆ ಎರಡು ದಿನದಲ್ಲಿ ರಿಪೋರ್ಟ್ ಬರುವ ರಕ್ತಪರೀಕ್ಷೆ ಅಲ್ಲ. ಇಷ್ಟು ಹಳೆಯ ಮೂಳೆಯಲ್ಲಿ ಹೆಚ್ಚಾಗಿ ಉಳಿಯುವುದು ತಾಯಿಯ ಕಡೆಯಿಂದ ಬರುವ ಮೈಟೊಕಾಂಡ್ರಿಯ ಡಿಎನ್‌ಎ. ಅದನ್ನು ಹೋಲಿಸಲು ಅಕ್ಕತಂಗಿಯರ ಮಕ್ಕಳು, ಅವರ ಹೆಣ್ಣುಮಕ್ಕಳ ಮಕ್ಕಳು, ಹೀಗೆ ಆ ಸಾಲಿನಲ್ಲಿ ಬದುಕಿರುವ ಒಬ್ಬರು ಬೇಕು. ಆಮೇಲೆ ಸೇನೆಯ ಹಲ್ಲಿನ ದಾಖಲೆ, ಎತ್ತರ, ವಯಸ್ಸು ಎಲ್ಲ ಸೇರಿಸಿ ನೋಡುತ್ತಾರೆ. ಒಂದೊಂದು ಸಲ ಒಂದು ಸಣ್ಣ ವಸ್ತು ಎಲ್ಲ ತಿರುಗಿಸಿಬಿಡುತ್ತದೆ. ನೆದರ್‌ಲ್ಯಾಂಡಿನ ಮಾರ್ಕರ್‌ಮೀರ್ ಕೆರೆಯಲ್ಲಿದ್ದ ಸ್ಟರ್ಲಿಂಗ್ ಬಾಂಬರನ್ನು ಬಹಳ ದಿನ ಬೇರೆ ವಿಮಾನ ಅಂತಲೇ ತಿಳಿದಿದ್ದರು. ಸಿಬ್ಬಂದಿಯೊಬ್ಬನ ಹೆಸರಿನ ಮೊದಲಕ್ಷರ ಇದ್ದ ಸಿಗರೇಟು ಡಬ್ಬಿ ಸಿಕ್ಕ ಮೇಲೆ ಅದು ಬಿಕೆ716 ಅಂತ ಗೊತ್ತಾಗಿದ್ದು. 2020ರಲ್ಲಿ ಅದನ್ನು ಎತ್ತಿದರು. ಆ ಡಬ್ಬಿಯನ್ನು ಯಾರಾದರೂ ನೆನಪಿಗೆ ಅಂತ ಜೇಬಿಗೆ ಹಾಕಿಕೊಂಡಿದ್ದರೆ?

ಹಾಗಾಗಿ ನೀವು ಹೀಗೆ ಮಾಡಿ. ಊರಿನ ಗಾಂವ್ ಬುರಾನಿಗೆ ಮೊದಲು ಹೇಳಿ, ಎತ್ತಿ ತಂದದ್ದನ್ನೂ ಒಪ್ಪಿಕೊಳ್ಳಿ, ಸಾಧ್ಯವಾದರೆ ಅವರನ್ನೇ ಜೊತೆಗೆ ಕರೆದುಕೊಂಡು ಹತ್ತಿರದ ಠಾಣೆಗೆ ಹೋಗಿ. ವಸ್ತುಗಳನ್ನು ಕೊಡುವಾಗ ಪಟ್ಟಿ ಮಾಡಿಸಿ, ಸಹಿ ಹಾಕಿದ ಪ್ರತಿ ತೆಗೆದುಕೊಳ್ಳಿ. ಅದೇ ದಿನ ಜಿಲ್ಲಾಧಿಕಾರಿ ಕಚೇರಿಗೆ ಒಂದು ಪತ್ರ ಕೊಡಿ. ಅದರಲ್ಲಿ ರಸ್ತೆಯ ಗುರುತು, ಜಿಪಿಎಸ್ ಓದು, ಫೋಟೋ ಇರಲಿ, ಅಗೆತ ಶುರುವಾಗುವ ಮೊದಲು ಜಾಗ ನೋಡಿ ಅನ್ನುವ ಒಂದೇ ಕೋರಿಕೆ ಇರಲಿ. ನಿಮ್ಮ ಕಂಪನಿಯವರಿಗೆ ಮುಜುಗರ ಆಗಬಹುದು, ಕೆಲಸ ಸ್ವಲ್ಪ ದಿನ ನಿಲ್ಲಲೂಬಹುದು. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ನಿಲ್ಲುವುದು ಇನ್ನೂ ಜಾಸ್ತಿ ದಿನ, ಹಾಗೆ ಹೇಳಿ. ಅಮೆರಿಕದ ರಾಯಭಾರ ಕಚೇರಿಗೆ ವಿಷಯ ಮುಟ್ಟಿಸುವುದು ಸರ್ಕಾರದ ಕೆಲಸ, ಅದು ಆಗುತ್ತದೆ. ಗಾಂಧಿನಗರದ ರಾಷ್ಟ್ರೀಯ ಫೋರೆನ್ಸಿಕ್ ವಿಶ್ವವಿದ್ಯಾಲಯವೂ ಡಿಪಿಎಎ ಜೊತೆ ಈ ಕೆಲಸದಲ್ಲಿದೆ. ಪಾಸಿಘಾಟ್‌ನಲ್ಲಿ 2023ರ ನವೆಂಬರ್‌ನಲ್ಲಿ ಹಂಪ್ ಮ್ಯೂಸಿಯಂ ತೆರೆದಿದ್ದಾರೆ. ರಜೆಯಲ್ಲಿ ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ವಿಡಿಯೋ ಅಲ್ಲೇ ಮಾಡಲಿ.

ಇಷ್ಟರಲ್ಲಿ ಆ ಕಡೆ ಕೆಲಸಕ್ಕೆ ಹೋದರೆ, ಏನನ್ನೂ ಮುಟ್ಟದೆ ಒಂದು ಕೆಲಸ ಮಾಡಬಹುದು. ಎಂಜಿನ್ನಿನ ಸಿಲಿಂಡರ್ ಎಣಿಸಿ. ಹೂವಿನ ದಳದ ಹಾಗೆ ಸುತ್ತ ಇರುತ್ತವೆ, ಹಿಂದೆ ಮುಂದೆ ಎರಡು ಸಾಲು. ಸಾಲಿಗೆ ಏಳು, ಒಟ್ಟು 14 ಇದ್ದರೆ ಬಿ-24 ಬಾಂಬರ್ ಅಥವಾ ಸಾಮಾನು ಸಾಗಿಸುವ ಸಿ-47 ಇರಬಹುದು. ಸಾಲಿಗೆ ಒಂಬತ್ತು, ಒಟ್ಟು 18 ಇದ್ದರೆ ಸಿ-46 ಇರಬಹುದು. ತಗಡಿನ ಒಳಮೈಯಲ್ಲಿ ಆಲ್‌ಕ್ಲಾಡ್ ಅನ್ನುವ ಇಂಗ್ಲಿಷ್ ಅಕ್ಷರದ ಅಚ್ಚು ಇನ್ನೂ ಕಾಣುತ್ತಿದ್ದರೆ ಅದರ ಫೋಟೋ ತೆಗೆಯಿರಿ. ಬಾಲದ ತಗಡು ಸಿಕ್ಕಿ ಅದರ ಮೇಲೆ ಅಂಕಿ ಕಂಡರೆ ನಿಮ್ಮದು ಭಾರೀ ಅದೃಷ್ಟ. 42-73308 ಅನ್ನುವ ವಿಮಾನದ ಬಾಲದಲ್ಲಿ 273308 ಅಂತ ಬರೆದಿರುತ್ತಿದ್ದರು, ಮೊದಲ 4 ಬಿಟ್ಟು. 1943ರ ನಂತರ ಕಾಣೆಯಾದ ಪ್ರತಿ ವಿಮಾನಕ್ಕೂ ಒಂದು ವರದಿ ಬರೆಯುತ್ತಿದ್ದರು. ಅದರಲ್ಲಿ ಎಂಜಿನ್ ನಂಬರ್, ಗನ್ ನಂಬರ್, ಒಳಗಿದ್ದವರ ಹೆಸರು, ಅವರ ಮನೆ ವಿಳಾಸ ತನಕ ಇರುತ್ತದೆ. ಒಂದು ನಂಬರ್ ಹೊಂದಿದರೆ ಆ ಹುಡುಗರ ಹೆಸರೆಲ್ಲ ಒಟ್ಟಿಗೆ ಸಿಗುತ್ತದೆ.

ನೀವು ಕಳಿಸಿದ ಪ್ಲೇಟಿನ ಫೋಟೋ ಮಸುಕಾಗಿದೆ. ಶುರುವಿನಲ್ಲಿ 32 ಅಂತ ಇದ್ದ ಹಾಗಿದೆ. ಹಾಗಿದ್ದರೆ ಅದು ವಿಮಾನದ ನಂಬರ್ ಅಲ್ಲ, ಬಿಡಿಭಾಗದ ನಂಬರ್, ಬಿ-24ರ ಭಾಗಗಳಿಗೆ ಹಾಗೆ ಹಾಕುತ್ತಿದ್ದರು. ಆದರೆ 32 ಹೌದೋ 82 ಹೌದೋ ನನಗೆ ಖಾತ್ರಿ ಇಲ್ಲ. ಕೆರೆದು ನೋಡಬೇಡಿ. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ಹಾಗೆ ತೆಳು ಬಿಳಿ ಕಾಗದ ಇಟ್ಟು ಮೆತ್ತಗೆ ಉಜ್ಜಿ. ಹಿಂಬದಿಗೂ ಹಾಗೇ ಮಾಡಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು ಕಳಿಸಿ, ಆಮೇಲೆ ಪ್ಲೇಟ್ ಠಾಣೆಗೆ ಹೋಗಲಿ.